ಶೇಂಗಾ ಬಿಡಿಸುವ ಸದ್ದು

ಮನೆಗೆಲಸದಲ್ಲಿ ನನಗೆ ಆಗದಿರುವುದು ಒಂದೇ, ಶೇಂಗಾ ಬಿಡಿಸುವುದು. ಪಾತ್ರೆ ತಿಕ್ಕುತ್ತೇನೆ, ನೀರು ಹೊರುತ್ತೇನೆ, ಕೊಟ್ಟಿಗೆಯನ್ನೂ ಗುಡಿಸುತ್ತೇನೆ. ಮೇ ತಿಂಗಳ ಕೊನೆಗೆ ಅವ್ವ ಬಿತ್ತನೆಯ ಚೀಲ ಬಿಚ್ಚಿದಳೆಂದರೆ ಮಾತ್ರ ಮೆಲ್ಲಗೆ ಎದ್ದು ಹೋಗುತ್ತೇನೆ. ದಿನಚರಿ ಬರೆಯತೊಡಗಿದ ಮೇಲೆ ಪ್ರತಿ ವರ್ಷವೂ ಆ ವಾರದ ಪುಟಗಳಲ್ಲಿ ಒಂದೇ ಸಾಲು ಇದೆ: ‘ಶೇಂಗಾ: ಅವ್ವ. ಅಡುಗೆ: ನಾನು.’

ಬಿತ್ತುವ ಬೀಜವನ್ನು ನಮ್ಮ ಮನೆಯಲ್ಲಿ ಮಿಷನ್‌ಗೆ ಹಾಕಿಸುವುದಿಲ್ಲ. ಮೇಲಿನ ಕೆಂಪು ಸಿಪ್ಪೆ ಕಿತ್ತರೆ ಬೀಜ ಮಣ್ಣಿನಲ್ಲೇ ಕೊಳೆಯುತ್ತದೆ. ಕಾಯಿಯ ಮೂತಿಯನ್ನು ಕಲ್ಲಿಗೆ ಟಕ್ ಎಂದು ಕುಟ್ಟಿ, ಬಾಯಿ ಬಿಟ್ಟಲ್ಲಿ ಹೆಬ್ಬೆರಳು ತೂರಿಸಿ ಬಿಡಿಸಬೇಕು.

ನಾನು ಮೂರನೇ ಕ್ಲಾಸಿನಲ್ಲಿದ್ದಾಗ, ದೇವಸಮುದ್ರದ ನಮ್ಮ ಮನೆಯ ಒಳಕೋಣೆಯಲ್ಲಿ ಅಜ್ಜಿ, ಅಂದರೆ ಅಪ್ಪನ ತಾಯಿ, ಹಾಸಿಗೆ ಹಿಡಿದಿದ್ದಳು. ಆದರೂ ಕೈ ಸುಮ್ಮನಿರುತ್ತಿರಲಿಲ್ಲ. ಗೋಡೆಗೆ ಒರಗಿಸಿ ಕೂರಿಸಿ, ಒಂದು ಕಲ್ಲು, ಮೊರದ ತುಂಬ ಕಾಯಿ ಕೊಟ್ಟರೆ ಬಿಡಿಸುತ್ತಲೇ ಇರುತ್ತಿದ್ದಳು. ಗೋಡೆಯ ಈಚೆ ಪಡಸಾಲೆಯಲ್ಲಿ ಅವ್ವ ಮತ್ತು ನಾನು. ಅಳೆದ ಪ್ರತಿ ಸೇರಿಗೂ ಗೋಡೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆಯುವುದು ನನ್ನ ಪಾಲಿಗೆ ಬಂದಿತ್ತು.

“ಲೆಕ್ಕ ಸರಿ ಐತೇನೇ?” ಒಳಗಿನಿಂದ ಅಜ್ಜಿ ಕೂಗುತ್ತಿದ್ದಳು.

“ಐತೆ ಅಜ್ಜಿ.”

“ಹೊಟ್ಟೆಗೆ ಹೋಗಿದ್ದಕ್ಕೂ ಒಂದು ಗೆರೆ ಎಳಿ ಮತ್ತೆ, ಕಳ್ಳಿ!”

“ನಿಮ್ ಮೊಮ್ಮಗಳು ಈ ಸಲ ಹೊಟ್ಟೇಲೇ ಬಿತ್ಕಂಡವ್ಳೆ ಅತ್ತೆ,” ಎಂದು ಅವ್ವ ನಗುತ್ತಿದ್ದಳು.

ಮಳೆ ಯಾವಾಗ ಬೀಳುತ್ತದೋ ಎಂಬ ಅವಸರ. ಪದೇ ಪದೇ ಎದ್ದು ಹೋಗಿ ಅಜ್ಜಿಯನ್ನು ನೋಡಲು ಅವ್ವನಿಗೆ ಪುರಸೊತ್ತಿರಲಿಲ್ಲ. “ಸದ್ದು ಕೇಳ್ತಾ ಇರು. ಟಕ್ ಟಕ್ ಅಂತಿದ್ರೆ ಅಜ್ಜಿ ಚೆನ್ನಾಗವ್ಳೆ ಅಂತ. ನಿಂತ್ರೆ ನನಗೆ ಹೇಳು,” ಎಂದಿದ್ದಳು.

ಒಂದು ಮಧ್ಯಾಹ್ನ ಸದ್ದು ನಿಂತಿತು. ನಾನು ಹೇಳಿದೆ.

“ನಿದ್ದೆ ಹತ್ತಿರ್ಬೇಕು ಬಿಡು. ಇದೊಂದು ಮೊರ ಮುಗಿಸಿ ನೋಡ್ತೀನಿ.”

ಆ ಮೊರ ಮುಗಿಯಿತು. ನಾನು ಗೆರೆಯನ್ನೂ ಎಳೆದೆ. ಆಮೇಲೆ ಒಳಗೆ ಹೋದ ಅವ್ವ ಎಷ್ಟು ಹೊತ್ತಾದರೂ ಬರಲಿಲ್ಲ. ಹೋಗಿ ನೋಡಿದರೆ ಅಜ್ಜಿಯ ತಲೆ ವಾಲಿತ್ತು. ಬೆರಳುಗಳ ನಡುವೆ ಕುಟ್ಟಿದ ಕಾಯಿ ಹಾಗೇ ಇತ್ತು. ಬಾಯಿ ಬಿಟ್ಟಿತ್ತು, ಒಳಗಿನ ಬೀಜವೂ ಕಾಣುತ್ತಿತ್ತು. ಬಿಡಿಸಿರಲಿಲ್ಲ.

ದಸರೆಗೆ ಸುಣ್ಣ ಬಳಿಯುವವರೆಗೂ ಆ ಕೊನೆಯ ಗೆರೆ ಗೋಡೆಯ ಮೇಲೆ ಉಳಿಯಿತು. ಈ ವರ್ಷದವರೆಗೂ ಅವ್ವನಾಗಲಿ ನಾನಾಗಲಿ ಆ ಮಾತು ಎತ್ತಿರಲಿಲ್ಲ.

ಈಗ ನಾನು ಚಳ್ಳಕೆರೆಯಲ್ಲಿ ಕೆಲಸದಲ್ಲಿದ್ದೇನೆ, ಭಾನುವಾರ ಊರಿಗೆ ಹೋಗುತ್ತೇನೆ. ಹೋದ ಚಳಿಗಾಲದಲ್ಲಿ ಅವ್ವನಿಗೆ ಎದೆನೋವು ಬಂದು ಆಸ್ಪತ್ರೆಯಲ್ಲಿ ಇಟ್ಟುಕೊಂಡಿದ್ದರು. ಅದಕ್ಕೇ ಈ ವರ್ಷ ಬೀಜ ಕೊಂಡು ತರೋಣ ಎಂದೆ.

“ಈ ಕೈ ಯಾತಕ್ಕಿದಾವೆ? ನಿನ್ನಂಗೆ ಗೆರೆ ಎಳಿಯಾಕಾ?” ಎಂದು ಅವ್ವ ಪಡಸಾಲೆಯಲ್ಲಿ ಚೀಲ ಸುರುವಿಕೊಂಡು ಕೂತೇಬಿಟ್ಟಳು.

ನಾನು ಅಡುಗೆಮನೆಯಲ್ಲಿ ಸಜ್ಜೆ ರೊಟ್ಟಿ ತಟ್ಟುತ್ತಿದ್ದೆ. ಗೋಡೆಯಾಚೆ ಟಕ್, ಟಕ್. ಆ ಸದ್ದು ಇರುವಷ್ಟು ಹೊತ್ತೂ ಅದು ನಿಲ್ಲುವುದನ್ನೇ ಕಾಯುತ್ತೇನೆ. ಬೇರೇನೂ ತಲೆಗೆ ಹೋಗುವುದಿಲ್ಲ. ಆ ಭಾನುವಾರ ಅದು ನಿಂತಿತು. ನನ್ನ ಕೈ ಹಿಟ್ಟಿನ ಮೇಲೇ ಉಳಿಯಿತು. ಹೆಂಚಿನ ಮೇಲಿನ ರೊಟ್ಟಿ ಸೀದ ವಾಸನೆ ಬಂತು. ‘ನಿದ್ದೆ ಹತ್ತಿರ್ಬೇಕು ಬಿಡು’ ಎಂದು ತಲೆಯೊಳಗೆ ಯಾರೋ ಅಂದಂತಾಯಿತು. ಅದು ಅವ್ವನದೇ ದನಿ. ಹಿಟ್ಟಿನ ಕೈಯಲ್ಲೇ ಓಡಿದೆ.

ಬಾಗಿಲಲ್ಲಿ ಅವ್ವನಿಗೇ ಡಿಕ್ಕಿ ಹೊಡೆದೆ. ಅವಳೂ ಓಡಿ ಬರುತ್ತಿದ್ದಳು. ಮಡಿಲಿನಿಂದ ಕಾಯಿಗಳು ಉದುರುತ್ತಿದ್ದವು.

“ಯಾಕವ್ವ ನಿಲ್ಲಿಸ್ದೆ?” ಎಂದೆ.

“ನೀನ್ಯಾಕೆ ನಿಲ್ಲಿಸ್ದೆ? ರೊಟ್ಟಿ ತಟ್ಟೋ ಸದ್ದೇ ಇಲ್ಲ.” ಅವಳಿಗೆ ಏದುಸಿರು. “ಇದೊಂದು ಮೊರ ಮುಗೀಲಿ ಅಂತ ಇನ್ನೊಂದ್ಸಲ ಕುಂತಿರ್ತೀನೇನೇ ನಾನು?”

ಹೊಸ್ತಿಲ ಮೇಲೆ ಕೂರಬಾರದೆಂದು ಚಿಕ್ಕಂದಿನಿಂದ ನನ್ನನ್ನು ಗದರುತ್ತಿದ್ದವಳು, ಅಂದು ಮೊರ ಎಳೆದುಕೊಂಡು ಬಂದು ಅಡುಗೆಮನೆಯ ಹೊಸ್ತಿಲ ಮೇಲೆಯೇ ಕೂತಳು, ನಾನು ಕಣ್ಣಿಗೆ ಕಾಣುವ ಹಾಗೆ.

ಯಾರ ಸದ್ದು ಮೊದಲು ನಿಂತಿತೆಂದು ದಿನಚರಿಯಲ್ಲಿ ಬರೆಯಲು ಹೋಗಿ ಬಿಟ್ಟೆ, ಗೊತ್ತಾಗಲಿಲ್ಲ. ‘ಶೇಂಗಾ: ಅವ್ವ. ಅಡುಗೆ: ನಾನು’ ಎಂದಷ್ಟೇ ಬರೆದೆ. ಅವಳು ಎದುರಿಗೇ ಕೂತು ಬಿಡಿಸುತ್ತಿದ್ದಾಗಲೂ ನನ್ನ ಕಿವಿ ಮಾತ್ರ ಗೋಡೆಯ ಕಡೆಗೇ ಇತ್ತು.