ಬೈಕಿಗೆ ಕಟ್ಟಿದ್ದ ಕೋಲು

ಯಾರಾದರೂ ಇಂಥ ಕತೆ ಶುರುಮಾಡಿದರೆ ಚಹಾ ಅರ್ಧಕ್ಕೇ ಬಿಟ್ಟು ಎದ್ದು ಹೋಗುತ್ತಿದ್ದವನು ನಾನು. ವಿದ್ಯುತ್ ತಂತಿಗಳ ಜೊತೆ ಇಪ್ಪತ್ತು ವರ್ಷ ಕಳೆದವನಿಗೆ ಕಣ್ಣಿಗೆ ಕಾಣದ ಒಂದೇ ವಸ್ತುವಿನ ಭಯವಿತ್ತು, ಅದು ಕರೆಂಟು. ಈಗ ನೀವು ಎದ್ದು ಹೋದರೂ ನಾನು ತಪ್ಪು ತಿಳಿಯುವುದಿಲ್ಲ.

ಖಾನಾಪುರದಲ್ಲಿ ನನಗೆ ಲೈನ್‌ಮನ್ ಕೆಲಸ ಕಲಿಸಿದವರು ಭರಮಣ್ಣ ಕಾಕಾ. ಲೈನ್ ಬಂದ್ ಮಾಡಿದ್ದೇವೆ ಎಂದು ಬೆಳಗಾವಿಯಿಂದ ಫೋನ್ ಬಂದರೂ ಅವರು ನಂಬುತ್ತಿರಲಿಲ್ಲ. ಅರ್ಥಿಂಗ್ ಕೋಲಿನ ವೈರನ್ನು ನೆಲಕ್ಕೆ ಜೋಡಿಸಿ, ಕೋಲಿನ ತುದಿಯ ಕೊಕ್ಕೆಯನ್ನು ತಂತಿಗೆ ಸಿಕ್ಕಿಸಿ, ಕರೆಂಟು ಇಲ್ಲವೆಂದು ಖಾತ್ರಿಯಾದ ಮೇಲೆಯೇ ಮನುಷ್ಯ ಕಂಬ ಏರಬೇಕು. ಆ ಕೋಲನ್ನು ಬೈಕಿಗೆ ಕಟ್ಟುವ ಗಂಟೂ ಅವರದೇ. ಹಿಂದೊಮ್ಮೆ ಶಾಕ್ ಹೊಡೆದು ಬಲಗೈಯ ಬೆರಳುಗಳು ಹೋಗಿದ್ದರಿಂದ ಎಡಗೈಯಲ್ಲಿ ಸುತ್ತಿ ಹಲ್ಲಿನಿಂದ ಎಳೆದು ಬಿಗಿಯುತ್ತಿದ್ದರು. ಎಷ್ಟು ಸಲ ನೋಡಿದರೂ ಆ ಗಂಟು ನಮಗ್ಯಾರಿಗೂ ಬರಲಿಲ್ಲ.

ಅವರು ನಿವೃತ್ತರಾದ ಮೇಲೆ ಮೊಬೈಲಿನಲ್ಲಿ ಹೊಸ ವ್ಯವಸ್ಥೆ ಬಂತು. ಲೈನ್ ಬಂದ್ ಆದರೆ ಪರದೆಯ ಮೇಲೆ ತಾನಾಗಿಯೇ ಹಸಿರು ಗುರುತು ಮೂಡುತ್ತದೆ. ಮೊದಲ ತಿಂಗಳು ಹಸಿರು ಬಂದರೂ ಕೋಲು ಹಾಕಿದೆವು. ಆಮೇಲೆ ಮಳೆಯ ದಿನ ಬಿಟ್ಟೆವು, ಗಡಿಬಿಡಿಯ ದಿನ ಬಿಟ್ಟೆವು. ಆ ಹಸಿರು ಒಮ್ಮೆಯೂ ತಪ್ಪಲಿಲ್ಲ. ಯಾವ ದಿನದಿಂದ ಪೂರ್ತಿ ನಂಬಿದೆವೋ ನನಗೇ ತಿಳಿಯದು. ಕೋಲು ಕಚೇರಿಯ ಮೂಲೆ ಸೇರಿ ಧೂಳು ಹಿಡಿಯಿತು.

ಆ ದಿನ ಮಧ್ಯಾಹ್ನ ಲೋಂಡಾ ರಸ್ತೆಯ ಕಾಡಿನಲ್ಲಿ ತಂತಿಯ ಮೇಲೆ ಕೊಂಬೆ ಬಿದ್ದಿತ್ತು. ನಾನೂ ಪರಶುರಾಮನೂ ಹೋದೆವು. ಅವನು ನನ್ನ ಕೈಕೆಳಗಿನ ಲೈನ್‌ಮನ್. ಮನೆಯಲ್ಲಿ ಆಗ ಎರಡು ತಿಂಗಳ ಮಗಳು. ಸೊಂಟಕ್ಕೆ ಬೆಲ್ಟ್ ಬಿಗಿದು ನನ್ನ ಮುಖ ನೋಡಿದ.

"ಅಣ್ಣಾ, ಹಸಿರು ಬಂತೇನ್ರಿ?"

"ಬಂತು. ಏರು."

ಅವನು ಫೋನ್ ನೋಡಲಿಲ್ಲ, ನನ್ನನ್ನು ನಂಬಿದ. ನಾನು ಫೋನನ್ನು ನಂಬಿದ್ದೆ. ಅವನು ಅರ್ಧ ಕಂಬ ಏರಿರಬೇಕು, ನಾನು ಹಗ್ಗ ತರಲೆಂದು ಬೈಕಿನ ಕಡೆ ತಿರುಗಿದೆ. ಬೈಕಿನ ಪಕ್ಕಕ್ಕೆ ಅರ್ಥಿಂಗ್ ಕೋಲು ಕಟ್ಟಿತ್ತು. ಬೆಳಗ್ಗೆ ಬೈಕು ಒರೆಸಿದವನು ನಾನೇ, ಆಗ ಇರಲಿಲ್ಲ. ದಾರಿಯಲ್ಲಿ ನಾವು ಎಲ್ಲಿಯೂ ನಿಂತಿರಲಿಲ್ಲ. ಗಂಟು ನೋಡಿದೆ. ಭರಮಣ್ಣ ಕಾಕಾರ ಗಂಟು. ಕಂಬದ ಕಡೆ ಓಡಿದೆ.

"ಪರಶ್ಯಾ, ಕೈ ಹಚ್ಚಬ್ಯಾಡ. ಇಳಿ ಮೊದಲ."

"ಹಸಿರು ಬಂದೈತಿ ಅಂದ್ರಲ್ಲರಿ?"

"ಇಳಿ ಅಂದೆ."

ಗೊಣಗುತ್ತ ಇಳಿದ. ಆ ಗಂಟನ್ನು ಬಿಚ್ಚುವ ಧೈರ್ಯ ನನಗಾಗಲಿಲ್ಲ, ಪಕ್ಕದಲ್ಲಿ ಹಗ್ಗ ಕತ್ತರಿಸಿದೆ. ವೈರನ್ನು ನೆಲಕ್ಕೆ ಜೋಡಿಸಿ ಕೊಕ್ಕೆಯನ್ನು ತಂತಿಗೆ ತಾಗಿಸಿದ್ದೇ ತಡ, ಕಿವಿ ಗುಂಯ್ ಎನ್ನುವ ಸದ್ದು, ನೀಲಿ ಬೆಂಕಿ. ಪರಶುರಾಮ ನನ್ನ ಜೇಬಿನಿಂದ ಫೋನ್ ಎಳೆದು ನೋಡಿದ. ಫೋನಿನಲ್ಲಿ ಹಸಿರು ಹಾಗೇ ಇತ್ತು.

ಬೆಳಗಾವಿಗೆ ಹೋಗಿ ದಾಖಲೆ ತೆಗೆಸಿದೆವು. ಆ ಹೊತ್ತಿನಲ್ಲಿ ಲೈನಿನಲ್ಲಿ ಕರೆಂಟೇ ಇರಲಿಲ್ಲವಂತೆ. ಯಾರದಾದರೂ ಜನರೇಟರಿನಿಂದ ಬಂದಿರಬಹುದೆಂದು ಆ ಭಾಗದ ಮನೆ ಮನೆ ವಿಚಾರಿಸಿದೆವು, ಯಾವುದೂ ಓಡಿರಲಿಲ್ಲ. ಕೋಲಿನ ಕೊಕ್ಕೆ ಮಾತ್ರ ಕರಗಿತ್ತು. ಅದನ್ನು ಬೈಕಿಗೆ ಕಟ್ಟಿದ್ದು ತಾನೆಂದು ಕಚೇರಿಯಲ್ಲಿ ಒಬ್ಬರೂ ಹೇಳಲಿಲ್ಲ.

ಭಾನುವಾರ ಕಾಕಾರನ್ನು ಕಾಣಲು ಬೆಳಗಾವಿಯ ಶಹಾಪುರದಲ್ಲಿದ್ದ ಅವರ ಮಗಳ ಮನೆಗೆ ಹೋದೆ. ಲಕ್ವಾ ಹೊಡೆದು ಅವರ ಎಡಗೈ ಸ್ವಾಧೀನ ತಪ್ಪಿ ಆರು ತಿಂಗಳಾಗಿತ್ತು. ನಡೆದದ್ದನ್ನು ಹೇಳಿ ಗಂಟಿದ್ದ ಹಗ್ಗದ ತುಂಡನ್ನು ಹಾಸಿಗೆಯ ಮೇಲಿಟ್ಟೆ. ಅವರು ಬಗ್ಗಿ ಗಂಟು ನೋಡಿದರು.

"ಗಂಟ ನಂದ ಐತಿ, ತಮ್ಮಾ. ಆದ್ರ ನಾ ಕಟ್ಟಿಲ್ಲ."

ಆಮೇಲೆ ಮೆಲ್ಲಗೆ ಕೇಳಿದರು. "ಏರು ಅಂದಾಂವ ಯಾರು?"

ನಾನು ಹಗ್ಗದ ತುಂಡನ್ನು ಎತ್ತಿ ಜೇಬಿಗೆ ಹಾಕಿಕೊಂಡೆ.

ಆ ಗಂಟನ್ನು ಇನ್ನೂ ಬಿಚ್ಚಿಲ್ಲ. ಯಂತ್ರ ತಪ್ಪಿತೋ ಇಲ್ಲವೋ, ಕೋಲು ಹೇಗೆ ಬಂತೋ, ಇವತ್ತಿಗೂ ನನಗೆ ಗೊತ್ತಿಲ್ಲ. ಈಗಲೂ ಫೋನಿನಲ್ಲಿ ಹಸಿರು ಬರುತ್ತದೆ, ನಾವು ಕೋಲು ಹಾಕುತ್ತೇವೆ. ಪರಶುರಾಮ ಈಗಲೂ ನನ್ನ ಜೊತೆಗೇ ಕೆಲಸ ಮಾಡುತ್ತಾನೆ, ನಗುತ್ತಾನೆ, ಮಗಳ ಫೋಟೋ ತೋರಿಸುತ್ತಾನೆ. ಕಂಬ ಏರುವ ಮುಂಚೆ ಮಾತ್ರ ನನ್ನ ಮುಖ ನೋಡುವುದಿಲ್ಲ.