ಅತ್ತೆ, ಜೇನುತುಪ್ಪ ಮತ್ತು ನಮ್ಮನೆ ಪದ್ಧತಿ

ಸ್ನೇಹಿತರೇ, ಇವತ್ತು ತ್ಯಾಗರಾಜನಗರದ ನಮ್ಮ ಮನೆಯಲ್ಲಿ ಅತ್ತೆ ನನ್ನ ಐದು ತಿಂಗಳ ಮಗಳಿಗೆ ಜೇನುತುಪ್ಪ ನೆಕ್ಕಿಸಲು ಬಂದರು. ಧೈರ್ಯ ಮಾಡಿ ತಡೆದೆ.

"ಬೇಡಿ ಅತ್ತೆ, ವರ್ಷ ತುಂಬೋವರೆಗೂ ಜೇನು ಕೊಡಬಾರದು ಅಂತ ಡಾಕ್ಟರ್ ಹೇಳಿದಾರೆ."

"ನಿನ್ನ ಗಂಡನಿಗೂ ನಾನೇ ನೆಕ್ಕಿಸಿದ್ದು. ಏನಾಯ್ತು ಅವನಿಗೆ?"

"ಏನೂ ಆಗಿಲ್ಲ. ಆದ್ರೂ ಇವಳಿಗೆ ಬೇಡ."

ಅತ್ತೆ ಮುಖ ಊದಿಸಿಕೊಂಡು ಹೂ ಕಟ್ಟುತ್ತಾ ಕುಳಿತರು.

ಅಷ್ಟರಲ್ಲಿ ಪಕ್ಕದ ಮನೆಯ ಆಂಟಿ ಬಂದು ಮಗುವಿನ ಕೆನ್ನೆ ಸವರಿ, "ಪಾಪೂಗೆ ಚೂರು ಜೇನು ನೆಕ್ಕಿಸಿ, ಮಾತು ಬೇಗ ಬರತ್ತೆ" ಎಂದರು.

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ತಲೆಯೆತ್ತಿದರು. "ಅಯ್ಯೋ, ವರ್ಷ ತುಂಬೋ ಮುಂಚೆ ಜೇನು ಕೊಡೋ ಪದ್ಧತಿ ನಮ್ಮನೇಲಿ ಇಲ್ಲಾರೀ!"

ಆ ಪದ್ಧತಿಗೆ ಆಗಿನ್ನೂ ಅರ್ಧ ಗಂಟೆ ವಯಸ್ಸು.