ಹಲ್ಲಿಗೊಂದು ಬಿರುಕು

ಕೂಲಿ ಕೊಟ್ಟು, ಗೌಂಡಿಯನ್ನು ಕರೆಸಿ, ತನ್ನ ಹೊಸ ಮನೆಯ ಗೋಡೆಗೆ ತಾನೇ ಬಿರುಕು ಬೀಳಿಸಿಕೊಂಡ ಮನುಷ್ಯ ಇಡೀ ಬೆಳಗಾವಿಯಲ್ಲಿ ನಾನೊಬ್ಬನೇ ಇರಬೇಕು. ಅದೂ ಎಂಥ ಗೋಡೆ! ನಾನು ಒಬ್ಬ ಗುತ್ತಿಗೆದಾರರ ಕೈಕೆಳಗೆ ಕಟ್ಟಡದ ಮೇಲ್ವಿಚಾರಕನಾಗಿದ್ದವನು. ಊರವರಿಗೆಲ್ಲ ಮನೆ ಕಟ್ಟಿಸಿದ ಮೇಲೆ ಹಿಂದವಾಡಿಯಲ್ಲಿ ನನಗೂ ಒಂದು ತುಂಡು ಜಾಗ ಸಿಕ್ಕಿತು. ಕಂಡವರ ಮನೆಯ ಗೋಡೆಗೆ ಸಿಮೆಂಟಿನ ಗಿಲಾವು ನಡೆಯುವಾಗ ಚಹಾ ಕುಡಿಯಲು ಹೋಗುತ್ತಿದ್ದ ನಾನು ನನ್ನ ಮನೆಯ ಗಿಲಾವಿಗೆ ಮಾತ್ರ ಹಗಲೆಲ್ಲ ಬಿಸಿಲಲ್ಲಿ ನಿಂತೆ. ಗೋಡೆ ಕನ್ನಡಿಯಂತೆ ನುಣುಪಾಯಿತು. ನೆಂಟರು ಬಂದರೆ ಅವರಿಗೆ ನೀರು ಕೊಡುವ ಮೊದಲು ಗೋಡೆ ತೋರಿಸುತ್ತಿದ್ದೆ. ಅವರು ಮಗುವಿನ ಕೆನ್ನೆ ಸವರಿದ ಹಾಗೆ ಅದನ್ನು ಸವರಿ "ಮಸ್ತ್ ಆಗೇತಿ ಬಿಡ್ರಿ" ಎಂದರೆ ಆ ದಿನ ಊಟ ಎರಡು ತುತ್ತು ಹೆಚ್ಚು ಸೇರುತ್ತಿತ್ತು.

ಆ ಗೋಡೆಯೇ ನನ್ನ ಮದುವೆಗೆ ಅಡ್ಡ ಬಂತು.

ಅದಕ್ಕೂ ಮೊದಲು ನಾವು, ಅಂದರೆ ನಾನು ಮತ್ತು ಅವ್ವ, ಖಾನಾಪುರದಲ್ಲಿ ಜಿನ್ನವ್ವ ಆಯಿಯ ಮನೆಯ ಹಿಂಭಾಗದಲ್ಲಿ ಬಾಡಿಗೆಗಿದ್ದೆವು. ಮಣ್ಣಿನ ಗೋಡೆ, ಹಂಚಿನ ಮಾಡು. ಜಿನ್ನವ್ವ ಜೈನರ ಹಿರಿಯ ಹೆಂಗಸು. ಇರುವೆಗಳ ಸಾಲು ದಾಟಿ ಮುಗಿಯುವ ತನಕ ಹೊಸ್ತಿಲ ಈಚೆಗೇ ಕಾಯುವವಳು. ಅಂಥವಳ ಮನೆಯಲ್ಲಿ ಹಲ್ಲಿಗಳಿಗೆ ಏನು ಕಡಿಮೆ? ಆದರೆ ನಮ್ಮ ಪಾಲಿಗೆ ಬಂದಿದ್ದು ಒಂದೇ ಒಂದು ದೊಡ್ಡ ಹಲ್ಲಿ. ಗಡಿಯಾರದ ಹಿಂದೆ ಅದರ ವಾಸ. ಮಾತಿನ ನಡುವೆ ಹಲ್ಲಿ ಲೊಚಗುಟ್ಟಿದರೆ ಆ ಮಾತು ಸತ್ಯ ಎಂದು ನಮ್ಮಲ್ಲಿ ಹಿರಿಯರು ನೆಲಕ್ಕೆ ಬೆರಳು ಕುಟ್ಟಿ "ಶಿವ ಶಿವ" ಎನ್ನುವುದುಂಟಲ್ಲ, ಅವ್ವನಿಗೆ ಅದು ಬರೀ ರೂಢಿಯಾಗಿರಲಿಲ್ಲ, ಕಾರಭಾರವೇ ಆಗಿತ್ತು. ಹೊಲ ಗೇಣಿಗೆ ಕೊಡುವುದಿರಲಿ, ಎಮ್ಮೆ ಮಾರುವುದಿರಲಿ, ನನ್ನನ್ನು ಬೆಳಗಾವಿಗೆ ಓದಲು ಕಳಿಸುವುದಿರಲಿ, ಅವ್ವ ಗಡಿಯಾರದ ಕಡೆ ಮುಖ ಮಾಡಿ ಮಾತನ್ನು ಆಡಿ, ಸುಮ್ಮನೆ ಕೂರುತ್ತಿದ್ದಳು. ಹಲ್ಲಿ ನುಡಿದರೆ ಆಯಿತು. ನುಡಿಯದಿದ್ದರೆ ನಾಳೆ ನೋಡೋಣ.

ನಾನು ಓದಿದವನು, ಸುಮ್ಮನಿರುತ್ತೇನೆಯೇ? ನಮ್ಮ ಶರಣರು ಶಕುನವನ್ನೆಲ್ಲ ಕಸದ ಜೊತೆ ಗುಡಿಸಿ ಹಾಕಿ ಎಷ್ಟೋ ಶತಮಾನವಾಯಿತು, ನೀನು ಕೊರಳಲ್ಲಿ ಲಿಂಗ ಕಟ್ಟಿಕೊಂಡು ಹಲ್ಲಿಯನ್ನು ಕೇಳುತ್ತೀಯಲ್ಲ ಎಂದು ಒಮ್ಮೆ ಭಾಷಣ ಮಾಡಿದೆ. ಅವ್ವ ಜೋಳ ಹಸನು ಮಾಡುತ್ತಲೇ ಹೇಳಿದಳು, "ಶಕುನ ನಂಬಬಾರದು ಅಂತ ನನಗೂ ಗೊತ್ತೈತಿ. ಹಲ್ಲಿ ಶಕುನ ಅಲ್ಲೋ, ಅದು ಸಾಕ್ಷಿ. ಸಾಕ್ಷಿ ಬ್ಯಾಡ ಅಂತ ಯಾವ ಶರಣರು ಹೇಳ್ಯಾರ?"

ಪಂಚಾಂಗದಲ್ಲಿ ಹಲ್ಲಿ ತಲೆಯ ಮೇಲೆ ಬಿದ್ದರೆ ಇಂಥ ಫಲ, ಭುಜದ ಮೇಲೆ ಬಿದ್ದರೆ ಇಂಥ ಫಲ ಎಂದು ಒಂದು ಪುಟವೇ ಇರುತ್ತದೆ. ಅಷ್ಟೆಲ್ಲ ಬಿದ್ದ ಹಲ್ಲಿಗೆ ಪೆಟ್ಟಾಯಿತೇ ಎಂದು ಯಾರೂ ಬರೆದಿಲ್ಲ. ಇರಲಿ, ಮಾತು ಎಲ್ಲಿಗೋ ಹೋಯಿತು.

ಹಿಂದವಾಡಿಗೆ ಬಂದ ವರ್ಷವೇ ದೇಸೂರಿನ ಶಿವಲಿಂಗಪ್ಪನವರ ಮಗಳು ಗಂಗಾಳನ್ನು ನೋಡಲು ಹೋದೆವು. ನಾಲ್ಕು ಜನ ಹಿರಿಯರ ಎದುರು ಹುಡುಗಿಯ ಮುಖ ನೋಡಲು ನನಗೆ ಸಂಕೋಚ. ವೃತ್ತಿದೋಷವೂ ಸೇರಿ, ಅವರ ಗೋಡೆಯನ್ನೇ ನೋಡುತ್ತ ಕುಳಿತೆ. ಅವಲಕ್ಕಿಯ ತಾಟು ಮುಂದಿಟ್ಟ ಗಂಗಾ ನನ್ನ ಕಣ್ಣು ಹೋದ ದಿಕ್ಕನ್ನು ಗಮನಿಸಿ, "ಮಳಿಗಾಲದಾಗ ಅಲ್ಲೆ ಸೋರತೈತ್ರಿ" ಎಂದಳು. ನನ್ನ ಜೀವಮಾನದಲ್ಲಿ ಒಂದು ಮಾತಿಗೆ ಅಷ್ಟು ಮರುಳಾದದ್ದು ಅದೇ ಮೊದಲು. ಹೆಣ್ಣು ತೋರಿಸುವ ದಿನ, ತನ್ನ ಮನೆಯ ಸೋರುವ ಜಾಗವನ್ನು ತಾನೇ ತೋರಿಸುವ ಹುಡುಗಿ! ಮದುವೆಯಾದರೆ ಇವಳನ್ನೇ ಎಂದುಕೊಂಡು ರೈಲು ಹತ್ತಿದೆ.

ಅವ್ವನಿಗೂ ಮನಸ್ಸಿಗೆ ಬಂದಿತ್ತು. ಆದರೆ ಮನೆಗೆ ಬಂದು, ಕಾಲು ತೊಳೆದು, ಹೊಸ ಗೋಡೆಯ ಎದುರು ಕುಳಿತು, "ಈ ಹುಡಗಿ ನಮ್ಮ ಮನಿಗೆ ಚಲೋ ಅನಸ್ತೈತಿ" ಎಂದು ಕಾದಳು. ಗೋಡೆ ಪಿಟ್ಟೆನ್ನಲಿಲ್ಲ. ಎಲ್ಲಿಂದ ಎನ್ನಬೇಕು? ಅದರಲ್ಲಿ ಒಂದು ಹುಳಕ್ಕೂ ಕಾಲೂರಲು ಜಾಗವಿರಲಿಲ್ಲ. ಮರುದಿನ ಕಾದಳು, ಅದರ ಮರುದಿನವೂ ಕಾದಳು. ಕೊನೆಗೆ, "ಹಲ್ಲಿ ಇಲ್ಲದ ಮನ್ಯಾಗ ನಾ ಹೂಂ ಅಂತ ಹೆಂಗ ಅನ್ಲಿ?" ಎಂದು ಎದ್ದು ಒಳಗೆ ಹೋದಳು. ಶಿವಲಿಂಗಪ್ಪನವರು ಆಷಾಢದ ಒಳಗೆ ಉತ್ತರ ಬೇಕು, ಇಲ್ಲದಿದ್ದರೆ ಬೇರೆ ಕಡೆ ನೋಡುತ್ತೇವೆ ಎಂದು ಹೇಳಿಯಾಗಿತ್ತು.

ಹೀಗೆ ನಾನು ಹಲ್ಲಿ ಸಾಕಲು ಹೊರಟೆ. ಜನ ನಾಯಿ ಸಾಕುತ್ತಾರೆ, ಗಿಳಿ ಸಾಕುತ್ತಾರೆ, ಹಣವಿದ್ದವರು ಗಾಜಿನ ಪೆಟ್ಟಿಗೆಯಲ್ಲಿ ಮೀನು ಸಾಕುತ್ತಾರೆ. ಅವನ್ನೆಲ್ಲ ಹೇಗೆ ಸಾಕಬೇಕೆಂದು ಕೇಳಿದರೆ ಹೇಳುವವರಿದ್ದಾರೆ. ಹಲ್ಲಿಯ ವಿಷಯದಲ್ಲಿ ಓಡಿಸುವುದು ಹೇಗೆಂದು ಊರೆಲ್ಲ ಹೇಳುತ್ತದೆ, ಕರೆಯುವುದು ಹೇಗೆಂದು ಯಾರಿಗೂ ಗೊತ್ತಿಲ್ಲ. ನನಗೆ ಜಿನ್ನವ್ವ ಆಯಿಯೇ ಗತಿ ಎಂದು ಒಂದು ರವಿವಾರ ಖಾನಾಪುರಕ್ಕೆ ಹೋದೆ.

ಆಯಿ ಕಟ್ಟೆಯ ಮೇಲೆ ಕುಳಿತು ನನ್ನ ಬೇಡಿಕೆ ಕೇಳಿದಳು. ನಗುತ್ತಾಳೆ ಎಂದುಕೊಂಡಿದ್ದೆ. ನಗಲಿಲ್ಲ. ಹೆಣ್ಣು ಕೊಡುವವರು ಕೇಳುವ ಧಾಟಿಯಲ್ಲಿ ಕೇಳತೊಡಗಿದಳು.

"ಮನ್ಯಾಗ ಬೆಕ್ಕ ಐತೇನು?"

"ಇಲ್ರಿ ಆಯಿ."

"ಔಷಧ ಹೊಡಸ್ತಿಯೇನು, ಡಿಡಿಟಿ?"

"ಇಲ್ರಿ."

"ಗ್ವಾಡ್ಯಾಗ ಬಿರುಕ ಎಷ್ಟ ಅದಾವು?"

ನಾನು ಎದೆಯುಬ್ಬಿಸಿ, "ಒಂದೂ ಇಲ್ರಿ! ನಾನ ಖುದ್ದ ನಿಂತು ಗಿಲಾವ ಮಾಡಿಸೀನಿ" ಎಂದೆ.

"ಹಂಗಾರ ಎಲ್ಲಿರಬೇಕೋ ಅವು? ನಿನ್ನ ತಲಿ ಮ್ಯಾಲ?" ಎಂದು ಆಯಿ ಎದ್ದೇಬಿಟ್ಟಳು. "ತತ್ತಿ ಇಡಾಕ ಸಂದಿ ಇಲ್ಲದ ಮನಿಗೆ ನಾ ಕೊಡೂದಿಲ್ಲ. ಹೋಗ್ ಬಾ."

ದೇಸೂರಿನಲ್ಲಿ ಒಪ್ಪಿಗೆಯಾದ ವರ ಖಾನಾಪುರದಲ್ಲಿ ಹಲ್ಲಿಯ ಕಡೆಯವರಿಂದ ತಿರಸ್ಕೃತನಾದ. ಆ ಸಂಜೆಯ ರೈಲಿನಲ್ಲಿ ನನಗಾದ ಅವಮಾನ ಸಣ್ಣದಲ್ಲ. ಮರುದಿನ ಗೌಂಡಿ ಪರಶುರಾಮನನ್ನು ಕರೆಸಿದೆ. ಆ ಗೋಡೆಗೆ ಕೈಯಾರೆ ಗಿಲಾವು ಮಾಡಿದವನು ಅವನೇ. ಮಾಡಿಗೂ ಗೋಡೆಗೂ ಕೂಡುವಲ್ಲಿ ಒಂದಷ್ಟು ಸಂದಿ ಕೆತ್ತು, ಒಳಗೆ ಕತ್ತಲಿರಬೇಕು, ಬೆರಳು ಹೋಗುವಷ್ಟಿರಬೇಕು ಎಂದು ಹೇಳಿದೆ. ಅವನು ಉಳಿ ಕೆಳಗಿಟ್ಟು ನನ್ನನ್ನೇ ನೋಡಿದ. "ಸಾಹೇಬ್ರ, ತಬ್ಯೇತ ಬರೋಬ್ಬರಿ ಐತೆಲ್ಲ?" ಎಂದ. ಮೊದಲ ಏಟು ಗೋಡೆಗೆ ಬಿದ್ದಾಗ ನಾನು ಹೊರಗೆ ಹೋಗಿ ನಿಂತೆ.

ಎರಡನೆಯ ಸಲ ಹೋದಾಗ ಆಯಿ ಒಪ್ಪಿದಳು. ಕೊಡುವ ಮುಂಚೆ ಕಟ್ಟಳೆಗಳನ್ನು ಹೇಳಿದಳು. ಹಲ್ಲಿಯನ್ನು ಕೈಯಿಂದ ಹಿಡಿಯಬಾರದು. ಬಾಲ ಕಳಚಿತೆಂದರೆ ಅದು ಹೆದರಿದೆ ಎಂದರ್ಥ, ಹೆದರಿದ್ದನ್ನು ಒಯ್ಯಬಾರದು. ಎರಡು ಗಂಡು ಕೂಡಿ ಒಯ್ದರೆ ಹೊಡೆದಾಡಿ ಸಾಯುತ್ತವೆ, ಒಂದು ಗಂಡು ಒಂದು ಹೆಣ್ಣು ಒಯ್ಯಬೇಕು. "ಗಂಡ್ಯಾವುದು ಹೆಣ್ಯಾವುದು ಹೆಂಗ ತಿಳೀಬೇಕ್ರಿ?" ಎಂದೆ. "ಭಾಳ ನುಡಿಯೂದು ಗಂಡು, ಕೇಳಿ ಸುಮ್ಮನಿರೂದು ಹೆಣ್ಣು. ಮಂದ್ಯಾಗ ನೋಡಿ ತಿಳಕೋಬ್ಯಾಡ ಮತ್ತ" ಎಂದಳು. ಗೋಡೆಗೆ ಅಂಟಿದ ತತ್ತಿಯನ್ನು ಕೀಳಬಾರದು, ಹೊರಳಿಸಬಾರದು. ಹುಟ್ಟಿದ ಮರಿಗಳನ್ನು ಓಡಿಸಬಾರದು. ಇಷ್ಟಕ್ಕೆಲ್ಲ ನಾನು ಹೂಂಗುಟ್ಟಿದೆ. ಊಟದ ವಿಷಯ ಬಂದಾಗ ಮಾತ್ರ ಆಯಿಗೆ ತೊಡಕಾಯಿತು. ಅವಳ ಧರ್ಮದ ಪ್ರಕಾರ ಹಲ್ಲಿ ಬದುಕಬೇಕು, ಹುಳವೂ ಬದುಕಬೇಕು. ಈ ಎರಡರ ನಡುವಿನ ದಾರಿಯನ್ನು ಅವಳು ಹೀಗೆ ಹೇಳಿದಳು: "ಹುಳಾ ಹಿಡದು ತಿನ್ನಸಬ್ಯಾಡ, ಅದು ನಿನ್ನ ಪಾಪ. ನೀ ಓದಾಕ ದೀಪ ಹಚ್ಚು. ಹುಳಾ ಬಂದರ ಅದರ ಕರ್ಮ, ಹಲ್ಲಿ ತಿಂದರ ಅದರ ಕರ್ಮ. ನೀ ಮಾತ್ರ ಆ ಕಡೆ ನೋಡಬ್ಯಾಡ, ಪುಸ್ತಕ ನೋಡು." ಪರೀಕ್ಷೆಗಳು ಮುಗಿದ ಮೇಲೆ ಸಿಮೆಂಟಿನ ಚೀಲದ ಮೇಲಿನ ಅಕ್ಷರ ಬಿಟ್ಟು ಬೇರೇನನ್ನೂ ಓದದಿದ್ದ ನಾನು ಹಲ್ಲಿಗಳ ಊಟಕ್ಕಾಗಿ ಗ್ರಂಥಾಲಯದ ಸದಸ್ಯನಾದೆ. ನನಗಿರುವ ಅಷ್ಟಿಷ್ಟು ಸಾಹಿತ್ಯಜ್ಞಾನ ಹೀಗೆ ಬಂದದ್ದು.

ಗಡಿಯಾರದ ಹಿಂದಿನ ಗಂಡನ್ನೂ ಅಡುಗೆಮನೆಯ ಒಂದು ಹೆಣ್ಣನ್ನೂ ಬಿದಿರಿನ ಕೊಳವೆಗೆ ಹೊಗಿಸಿ, ಕೊಳವೆಯನ್ನು ಒಂದು ಖಾಲಿ ಕುಂದಾ ಡಬ್ಬಿಯಲ್ಲಿಟ್ಟು, ಮುಚ್ಚಳಕ್ಕೆ ಮೊಳೆಯಿಂದ ತೂತು ಹೊಡೆದು ಆಯಿ ನನ್ನ ಕೈಗೆ ಕೊಟ್ಟಳು. ಮಗಳನ್ನು ಕಳಿಸುವವಳಂತೆ ಓಣಿಯ ತಿರುವಿನ ತನಕ ಜೊತೆಗೆ ಬಂದಳು.

ರೈಲು ದೇಸೂರಿನಲ್ಲಿ ನಿಂತಿತು. ಹತ್ತಿದವರು ಯಾರು? ಶಿವಲಿಂಗಪ್ಪನವರು! ನನ್ನ ಬಾಜೂಕೇ ಕುಳಿತರು. ತೊಡೆಯ ಮೇಲಿನ ಡಬ್ಬಿಯ ಮೇಲೆ ಅವರ ಕಣ್ಣು ಬಿತ್ತು. "ಎಲ್ಲಾರೂ ಬೆಳಗಾವಿಯಿಂದ ಕುಂದಾ ತರ್ತಾರ. ಬೆಳಗಾವಿಗೆ ಕುಂದಾ ಒಯ್ಯಾವ್ರನ್ನ ಇವತ್ತ ನೋಡಿದೆ" ಎಂದು ನಕ್ಕರು. ನಾನೂ ನಕ್ಕೆ. ಅವರು ಸಲಿಗೆಯಿಂದ, "ತಗೀರಿ, ಖಾನಾಪುರದ ಕುಂದಾ ರುಚಿ ನೋಡೂಣು" ಎಂದು ಕೈ ಚಾಚಿದರು. ಮಾವನಾಗಬೇಕಾದವರಿಗೆ ಸುಳ್ಳು ಹೇಳಲು ನಾಲಿಗೆ ಹೊರಳಲಿಲ್ಲ.

"ಕುಂದಾ ಅಲ್ರಿ... ಹಲ್ಲಿ ಅದಾವು."

"ಏನಂದ್ರಿ?"

"ಹಲ್ಲಿ ಅದಾವ್ರಿ. ಒಂದ್ ಜೋಡಿ. ಸಾಕಾಕ."

ಅವರು ಮೆಲ್ಲಗೆ ಧೋತರದ ಚುಂಗು ಸರಿಪಡಿಸಿಕೊಂಡು ಎದುರಿನ ಸೀಟಿಗೆ ಹೋಗಿ ಕುಳಿತರು. ಬೆಳಗಾವಿ ಬರುವವರೆಗೆ ಕಿಟಕಿಯಿಂದ ಹೊರಗೆ ನೋಡಿದರು. ಹಲ್ಲಿಗಾಗಿ ಹೋಗಿ ಹುಡುಗಿಯನ್ನೇ ಕಳೆದುಕೊಂಡೆನೇನೋ ಎಂದು ನನಗೆ ದಿಗಿಲಾಯಿತು.

ಹೊಸ ಮನೆಯಲ್ಲಿ ಹಲ್ಲಿಗಳು ಬಹಳ ದಿನ ಮೌನವಾಗಿದ್ದವು. ಸಂದಿಯಿಂದ ಮೂತಿ ಹೊರಹಾಕುವುದು, ಒಳಗೆ ಹೋಗುವುದು, ಅಷ್ಟೇ. ಅವ್ವ ದಿನಾ ಗೋಡೆಯ ಎದುರು ಕೂರುವಳು, ನಾನು ದಿನಾ ಗೋಡೆಗೆ ಬೆನ್ನು ಹಾಕಿ ಓದುವೆ. ಒಂದು ಬೆಳಿಗ್ಗೆ ಬಸವಣ್ಣನವರ ಫೋಟೋದ ಹಿಂದೆ ಎರಡು ಬಿಳಿಯ ತತ್ತಿ ಕಂಡವು, ಪೆಪ್ಪರಮಿಂಟಿನ ಹಾಗೆ. ಅಂದಿನಿಂದ ಅವ್ವ ಫೋಟೋ ಒರೆಸುವುದನ್ನು ಬಿಟ್ಟಳು. ಹೂವನ್ನು ಮೇಲಿಂದ ಹಾಕುವ ಬದಲು ಕೆಳಗೆ ಇಡತೊಡಗಿದಳು. ಬಸವಣ್ಣನವರಂತೂ ಏನೂ ಅನ್ನಲಿಲ್ಲ, ಅವರು ದಯೆಯನ್ನು ಹೇಳಿದವರು.

ಮರಿಯಾದವು. ಮತ್ತೆ ತತ್ತಿ, ಮತ್ತೆ ಮರಿ. ಹಿಂದವಾಡಿಯಲ್ಲಿ ಸಂದಿಗಳು ಖಾಲಿ ಇವೆ, ಬೆಕ್ಕಿಲ್ಲ, ಸಂಜೆಗೆ ದೀಪವುಂಟು, ಯಜಮಾನ ಆ ಕಡೆ ನೋಡುವುದೇ ಇಲ್ಲ ಎಂಬ ಸುದ್ದಿ ಹೇಗೆ ಹಬ್ಬಿತೋ, ಅಕ್ಕಪಕ್ಕದ ಮನೆಗಳ ಹಲ್ಲಿಗಳೂ ಸಂಸಾರ ಸಮೇತ ಬಂದವು. ಓಡಿಸುವುದಿಲ್ಲ ಎಂದು ಆಯಿಗೆ ಮಾತು ಕೊಟ್ಟಿದ್ದೆ. ಬೇಸಿಗೆ ಮುಗಿಯುವ ಹೊತ್ತಿಗೆ ಮನೆ ಲೊಚಲೊಚ ಎನ್ನತೊಡಗಿತು. ಅವ್ವ ಇನ್ನೂ ತಾಯಿಯ ಮನಸ್ಸಿನಿಂದ, "ಈಗ ಬಂದಾವು. ಹೊಂದಿಕೊಳ್ಳಲಿ, ಆಮ್ಯಾಲ ಕೇಳೂಣು" ಎಂದು ತಡೆಯುತ್ತಿದ್ದಳು.

ಆಷಾಢ ಇನ್ನೇನು ಹತ್ತಿರ ಬಂತೆನ್ನುವಾಗ ಒಂದು ಸಂಜೆ ಶಿವಲಿಂಗಪ್ಪನವರು ಬಂದೇಬಿಟ್ಟರು. ಕುರ್ಚಿಯ ತುದಿಯಲ್ಲಿ ಕುಳಿತರು, ಟ್ಯೂಬ್‌ಲೈಟಿನ ಕಡೆ ಒಂದು ಕಣ್ಣಿಟ್ಟೇ. "ಒಂದ ಮಾತ ಹೇಳಿಬಿಡ್ರಿ, ಹೌದಂದ್ರ ಹೌದು, ಇಲ್ಲಂದ್ರ ಇಲ್ಲ" ಎಂದರು. ಅವ್ವ ಸೆರಗು ಹೊದ್ದು, ಗೋಡೆಯ ಕಡೆ ತಿರುಗಿ, "ಈ ಸಂಬಂಧ ನಮಗ ಒಪ್ಪಿಗಿ ಅನಸ್ತೈತಿ" ಎಂದಳು.

ಲೊಚ್ ಲೊಚ್ ಲೊಚ್!

ನಾನು ನೆಗೆಯುವುದೊಂದು ಬಾಕಿ. ಅಷ್ಟರಲ್ಲಿ ಶಿವಲಿಂಗಪ್ಪನವರು, "ಸಿಟ್ಟಾಗಬ್ಯಾಡ್ರಿ, ನಿಮ್ಮ ಮಗನ ತಲಿ ಸರಿ ಇಲ್ಲೇನೋ ಅಂತ ನಮ್ಮ ಮನ್ಯಾಗ ಅಂದ್ರು" ಎಂದರು. ಬಾಗಿಲ ಮೇಲಿನಿಂದ ಇನ್ನೊಂದು: ಲೊಚ್ ಲೊಚ್! ಅವ್ವ ಗಾಬರಿಯಿಂದ, "ಇಲ್ರೀ, ಅವನ ತಲಿ ಭಾಳ ಚಲೋ ಐತಿ" ಎಂದಳು. ಫೋಟೋದ ಹಿಂದಿನಿಂದ ಮರಿದನಿಯಲ್ಲಿ: ಲೊಚ್! "ಹಂಗಾರ ಈ ಸಂಬಂಧ ಬ್ಯಾಡೇನು?" ಎಂದರು ಅವರು. ಲೊಚ್ ಲೊಚ್! "ಬೇಕ್ರೀ" ಎಂದೆ ನಾನು, ಯಾರೂ ಕೇಳದಿದ್ದರೂ. ಲೊಚ್!

ನೆಲಕ್ಕೆ ಕುಟ್ಟಲು ಎತ್ತಿದ ಅವ್ವನ ಬೆರಳು ಅಲ್ಲಿಯೇ ನಿಂತಿತು. ಖಾನಾಪುರದಲ್ಲಿ ಒಂದು ಹಲ್ಲಿ ಇತ್ತು, ಅದರ ಮಾತಿಗೆ ಬೆಲೆ ಇತ್ತು. ಇಲ್ಲಿ ಎಲ್ಲರಿಗೂ ಎಲ್ಲದಕ್ಕೂ ಹೌದು. ಮದುವೆಯಾಗಿ ಬಂದ ಮೇಲೆ ಅವ್ವನ ಮಾತಿಗೆ ಮೊದಲು ಅವಳ ಮಾವ ಹೂಂ ಅನ್ನಬೇಕಿತ್ತು, ಆಮೇಲೆ ನಮ್ಮಪ್ಪ. ಅಪ್ಪ ತೀರಿಕೊಂಡ ಮೇಲೆ ಆ ಕೆಲಸ ಹಲ್ಲಿಗೆ ಬಂದಿತ್ತು. ಇದನ್ನು ನಾನು ಅಲ್ಲಿಯವರೆಗೆ ಯೋಚಿಸಿಯೇ ಇರಲಿಲ್ಲ, ಅವಳ ಮೂಢನಂಬಿಕೆಯ ಬಗ್ಗೆ ಭಾಷಣ ಮಾಡಿದ್ದೆ ಅಷ್ಟೇ.

ಅವ್ವ ಶಿವಲಿಂಗಪ್ಪನವರ ಕಡೆ ನೇರವಾಗಿ ತಿರುಗಿ ಕುಳಿತಳು. "ಇದು ಸಾಕ್ಷಿ ಅಲ್ರಿ, ಸಂತಿ. ಕಿವಿಗೆ ಹಾಕ್ಕೋಬ್ಯಾಡ್ರಿ. ನಿಮ್ಮ ಹುಡಗೀನ್ನ ನಾ ನೋಡೀನಿ, ನನಗ ಮನಸಿಗೆ ಬಂದಾಳ. ಹೂಂ ಅಂತ ನಾ ಅಂತೇನಿ. ನಾಳೆ ಏನರ ಹೆಚ್ಚುಕಡಿಮಿ ಆದ್ರ ನನ್ನ ಕೂಡ ಜಗಳಾಡಾಕ ಬರ್ರಿ."

ಅಷ್ಟು ಹಲ್ಲಿಗಳಲ್ಲಿ ಒಂದೂ ಉಸಿರೆತ್ತಲಿಲ್ಲ. ಅವ್ವನೂ ಆ ಕಡೆ ತಿರುಗಿ ನೋಡಲಿಲ್ಲ. ಶಿವಲಿಂಗಪ್ಪನವರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, "ಹಂಗಾರ ಒಂದ ಕಪ್ ಚಹಾ ಕುಡಿಯೂಣ್ರಿ" ಎಂದರು. ನನ್ನ ಕಣ್ಣು ತುಂಬಿ ಬಂತು. ಮದುವೆ ನಿಶ್ಚಯವಾದದ್ದಕ್ಕೋ ಅವ್ವನ ದನಿ ಕೇಳಿದ್ದಕ್ಕೋ ತಿಳಿಯಲಿಲ್ಲ.

ಗಂಗಾ ಬಂದಳು. ಬಂದ ದಿನವೇ ಮಾಡಿನ ಕೆಳಗಿನ ಬಿರುಕುಗಳನ್ನು ನೋಡಿ, "ಇಲ್ಲೂ ಸೋರತೈತೇನ್ರಿ?" ಎಂದು ಕೇಳಿದಳು. ಹಲ್ಲಿಗಳು ಹೆಚ್ಚಾದಂತೆ ಆಯಿಯ ಮಾತಿಗೆ ತಪ್ಪದೆ ಅವಕ್ಕೆ ಒಳ್ಳೆಯ ಮನೆ ಹುಡುಕುವ ಕೆಲಸ ನನಗೆ ಬಿತ್ತು. ಮುಂದೆ ರಾಮತೀರ್ಥ ನಗರದ ಕಡೆ ಹೊಸ ಮನೆ ಕಟ್ಟಿಸಿದ ಪರಿಚಯದವರು, ಅವರ ಮನೆಯಲ್ಲೂ ನನ್ನ ಅವ್ವನಂಥವರಿದ್ದರೆ, ಸಂಕೋಚದಿಂದ ಬಂದು ಒಂದು ಜೋಡಿ ಕೇಳುತ್ತಿದ್ದರು. ನಾನು ಗಂಭೀರವಾಗಿ ಕೂರಿಸಿ, ಬೆಕ್ಕುಂಟೆ, ಔಷಧ ಹೊಡೆಸುತ್ತೀರಾ, ಬಿರುಕು ಎಷ್ಟು ಎಂದು ವಿಚಾರಿಸುತ್ತಿದ್ದೆ. ಎಲ್ಲಕ್ಕೂ ಅವರು ಸರಿಯಾದ ಉತ್ತರ ಕೊಟ್ಟು, ಡಬ್ಬಿಗೆ ಕೈ ಚಾಚಿದ ಮೇಲೆ, ಒಳಗಿಂದ ಅವ್ವನ ದನಿ ಬರುತ್ತಿತ್ತು.

"ಮನ್ಯಾಗ ತಮ್ಮ ಬಾಯಿಲೆ ಹೂಂ ಅನ್ನಾವ್ರು ಯಾರರ ಅದಾರೇನು ಕೇಳೋ. ಇದ್ದರ ಕೊಡು. ಇಲ್ಲಂದ್ರ ಮೊದಲ ಅವರ್ನ ಹುಡಕ್ಕೋ ಅನ್ನು, ಹಲ್ಲಿ ಆಮ್ಯಾಲ ಒಯ್ಯಲಿ."